ಚೆಂಗ್ಡು ವೂಹೋ ಸಿ ಮ್ಯೂಸಿಯಂ ರಿವ್ಯೂ: 50 ಯುವಾನ್ ಟಿಕೆಟ್, ಮತ್ತೆ ಯಾರೂ ನಿಂತು ನೋಡದ ಹೆಬ್ಬೆಟ್ಟಿನ ಸೇನಾಪತಿ

ಆಫೀಸ್ ಕೆಲಸದ ಮೇಲೆ ಚೀನಾದ ಚೆಂಗ್ಡುಗೆ ಹೋದವ್ರು ಮೊದ್ಲು ಪಾಂಡಾ ನೋಡ್ತಾರೆ, ಆಮೇಲೆ ಹಾಟ್‌ಪಾಟ್ ತಿಂತಾರೆ, ಅದೂ ಆಗಿ ಟೈಮ್ ಉಳಿದ್ರೆ ವೂಹೋ ಸಿ ಮ್ಯೂಸಿಯಂಗೆ ಒಂದು ಗಂಟೆ ಕೊಟ್ಟು ಪಕ್ಕದ ಜಿನ್‌ಲಿ ಬೀದಿಗೆ ಹೊರಟ್‌ಬಿಡ್ತಾರೆ. ಮೊದಲನೇ ಸಲ ನಾನೂ ಹಂಗೇ ಮಾಡಿದ್ದೆ. ಎರಡನೇ ಸಲ ಹೋದಾಗ ಅರ್ಧ ದಿನ ಒಳಗೇ ಕಳೆದೆ, ಅದರಲ್ಲೂ ಮುಕ್ಕಾಲು ಗಂಟೆ ಒಂದೇ ಒಂದು ಮೂರ್ತಿ ಮುಂದೆ. ಆ ಮೂರ್ತಿ ಹೆಸರು ವಾಂಗ್ ಪಿಂಗ್. ಈ ರಿವ್ಯೂ ಜಾಗದ ಬಗ್ಗೆ ಎಷ್ಟೋ ಅಷ್ಟೇ ಆ ಮನುಷ್ಯನ ಬಗ್ಗೆನೂ ಇದೆ, ಯಾಕಂದ್ರೆ ಟಿಕೆಟ್ ದುಡ್ಡು ಪೂರ್ತಿ ವಸೂಲಾಗೋದು ಆ ಮೂರ್ತಿ ಹತ್ರಾನೇ ಅಂತ ನನಗೆ ಈಗ ಖಾತ್ರಿ ಆಗಿದೆ.

ಮೊದ್ಲು ಜಾಗದ ವಿಷ್ಯ ಬೇಗ ಹೇಳ್ಬಿಡ್ತೀನಿ. ಮೆಟ್ರೋದಲ್ಲಿ ಗಾವ್‌ಶೆಂಗ್‌ಚ್ಯಾವ್ ಸ್ಟೇಷನ್‌ನಲ್ಲಿ ಇಳಿದ್ರೆ ನಡ್ಕೊಂಡು ಹೋಗ್ಬಹುದು, 3ನೇ ಲೈನೂ 5ನೇ ಲೈನೂ ಎರಡೂ ಬರುತ್ತೆ. ಟಿಕೆಟ್ 50 ಯುವಾನ್, ಪಾಸ್‌ಪೋರ್ಟ್ ಜೊತೆಗಿರ್ಲಿ, ನಮ್ಮ ಕಾರ್ಡ್ ಲಿಂಕ್ ಮಾಡಿದ ಅಲಿಪೇ ಆ್ಯಪ್‌ನಲ್ಲೇ ದುಡ್ಡು ಕಟ್ಟಿದೆ, ಏನೂ ತೊಂದ್ರೆ ಆಗ್ಲಿಲ್ಲ. ಸುಮಾರು 1800 ವರ್ಷದ ಹಿಂದೆ ಚೀನಾ ಮೂರು ರಾಜ್ಯ ಆಗಿ ಒಡೆದಿದ್ದಾಗ ಈ ಕಡೆ ಇದ್ದಿದ್ದು ಶು ರಾಜ್ಯ, ಲಿಯು ಬೇ ಅದರ ರಾಜ, ಝೂಗೆ ಲಿಯಾಂಗ್ ಅವನ ಮಂತ್ರಿ, ಉತ್ತರದ ವೇ ರಾಜ್ಯ ಅವರ ಶತ್ರು. ಜನ ಎಲ್ಲಾ ವೂಹೋ ಸಿ ಅಂತಾರೆ, ಅಂದ್ರೆ ಮಂತ್ರಿ ಝೂಗೆ ಲಿಯಾಂಗ್‌ನ ಗುಡಿ ಅಂತ ಅರ್ಥ, ಆದ್ರೆ ಹೆಬ್ಬಾಗಿಲ ಮೇಲೆ ಬರೆದಿರೋದು ರಾಜ ಲಿಯು ಬೇ ಹೆಸರಿನ ಗುಡಿ ಅಂತ. ರಾಜನ ಗುಡಿಗೆ ಮಂತ್ರಿ ಹೆಸರು ಅಂಟ್ಕೊಂಡಿರೋ ಜಾಗ ಇದು. ಈಗ ನಿಂತಿರೋ ಕಟ್ಟಡಗಳು 1672ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ ಹೋಗ್ತಿದ್ದಂಗೆ 809ನೇ ಇಸವಿಯ ಟಾಂಗ್ ಕಾಲದ ದೊಡ್ಡ ಕಲ್ಲು ಶಾಸನ ಇದೆ, ಬರೆದವ್ರು, ಅಕ್ಷರ ತಿದ್ದಿದವ್ರು, ಕೆತ್ತಿದವ್ರು ಮೂರೂ ಜನ ಘಟಾನುಘಟಿಗಳು ಅನ್ನೋದಕ್ಕೆ ಅದನ್ನ ಮೂರು ಅದ್ಭುತಗಳ ಶಿಲೆ ಅಂತಾರೆ. ಶಾಸನ ನೋಡೋ ಹುಚ್ಚು ಇರೋವ್ರು ಅಲ್ಲಿ ಒಂದೈದು ನಿಮಿಷ ನಿಲ್ಲಿ. ಅದನ್ನ ದಾಟಿದ್ರೆ ಲಿಯು ಬೇ ಸಭಾಂಗಣ, ಅದರ ಎಡಬಲಕ್ಕೆ ಎರಡು ಉದ್ದನೆ ಪಡಸಾಲೆ, ಹಿಂದೆ ಕೆಲವು ಮೆಟ್ಟಿಲು ಇಳಿದ್ರೆ ಝೂಗೆ ಲಿಯಾಂಗ್ ಸಭಾಂಗಣ. ಮಂತ್ರಿ ಎಷ್ಟೇ ದೊಡ್ಡವ್ನಾದ್ರೂ ರಾಜನಿಗಿಂತ ತಗ್ಗಲ್ಲಿ ಕೂತಿರ್ಬೇಕು ಅಂತ ನೆಲವನ್ನೇ ತಗ್ಗಿಸಿ ಕಟ್ಟಿದಾರೆ. ಪಶ್ಚಿಮಕ್ಕೆ ಬಿದಿರು ಬಗ್ಗಿ ನಿಂತಿರೋ ಕೆಂಪು ಗೋಡೆ ಓಣಿ, ಫೋಟೋ ತೆಗೆಸ್ಕೊಳ್ಳೋರ ಸಾಲು ಇರೋದೇ ಅಲ್ಲಿ, ಅದರ ಕೊನೆಗೆ ಲಿಯು ಬೇ ಸಮಾಧಿ, 12 ಮೀಟರ್ ಎತ್ತರದ ಮಣ್ಣಿನ ಗುಡ್ಡ, ಮೇಲೆಲ್ಲಾ ಮರ. ಅಷ್ಟು ಸಾಕು.

ಈಗ ಪಡಸಾಲೆಗೆ ಬರೋಣ. ಪೂರ್ವದ ಕಡೆ 14 ಜನ ಮಂತ್ರಿ ಅಧಿಕಾರಿಗಳು, ಪಶ್ಚಿಮದ ಕಡೆ 14 ಜನ ಸೇನಾನಾಯಕರು, ಒಟ್ಟು 28 ಮಣ್ಣಿನ ಮೂರ್ತಿ, ಎಲ್ಲಾ ಚಿಂಗ್ ರಾಜರ ಕಾಲದಲ್ಲಿ ಮಾಡಿ ಬಣ್ಣ ಹಚ್ಚಿದ್ದು. ಪ್ರತಿಯೊಬ್ಬರ ಮುಂದೂ ಒಂದು ಚಿಕ್ಕ ಕಲ್ಲು, ಅದರಲ್ಲಿ ಅವರ ಬದುಕಿನ ಕಥೆ ಕೆತ್ತಿದಾರೆ. ನನಗೆ ಈ ಕಲ್ಲುಗಳೇ ಇಡೀ ಮ್ಯೂಸಿಯಂನಲ್ಲಿ ತುಂಬಾ ಇಷ್ಟ ಆದ ವಸ್ತು. ಮೂರ್ತಿ ಮಾಡಿದವ್ರು ಮುಖ ಹೇಗಾದ್ರೂ ಮಾಡ್ಬಹುದು, ಕಲ್ಲಲ್ಲಿ ಮಾತ್ರ ಆ ಮನುಷ್ಯ ಏನು ಮಾಡ್ದ ಅಂತ ಬರೀಲೇಬೇಕಲ್ವಾ.

ಮೊದಲನೇ ಸಲ ಒಬ್ಬ ಗೈಡ್ ತಗೊಂಡಿದ್ದೆ, ಯಾರು ಯಾವ ಕಂಪನಿ ಅಂತ ಬೇಡ. ಇಂಗ್ಲಿಷ್ ಚೆನ್ನಾಗಿತ್ತು, ಸೌಜನ್ಯಾನೂ ಇತ್ತು, ಆದ್ರೆ ಪಶ್ಚಿಮದ ಸಾಲಲ್ಲಿ ಝಾವ್ ಯುನ್ ಮುಂದೆ ಹತ್ತು ನಿಮಿಷ, ಮಾ ಚಾವ್ ಮುಂದೆ ಎರಡು ನಿಮಿಷ, ಹುವಾಂಗ್ ಝಾಂಗ್ ಮುಂದೆ ಎರಡು ನಿಮಿಷ, ಮಧ್ಯದಲ್ಲಿ ಇರೋವ್ರನ್ನೆಲ್ಲಾ ಇವ್ರು ಅಷ್ಟು ಮುಖ್ಯ ಅಲ್ಲ ಅಂತ ಕೈಯಲ್ಲೇ ತೋರ್ಸಿ ಮುಂದೆ ಕರ್ಕೊಂಡು ಹೋದ್ರು. ಆ ಮಧ್ಯದವ್ರಲ್ಲಿ ಐದನೆಯವ್ನು ವಾಂಗ್ ಪಿಂಗ್. ಗೈಡ್ ಒಬ್ಬರದ್ದೇ ತಪ್ಪು ಅಂತ ಹೇಳಲ್ಲ, ಬರೋ ಜನ ಕೇಳೋದೇ ಆ ಹೆಸರುಗಳನ್ನ. ಆದ್ರೆ ಗೈಡ್ ಸರ್ವೀಸ್‌ಗೆ ನನ್ನಿಂದ 5ಕ್ಕೆ 2 ಅಷ್ಟೇ, ಯಾಕಂದ್ರೆ ಗೂಗಲ್‌ನಲ್ಲಿ ಸಿಗೋದನ್ನ ಕೇಳೋಕೆ ಯಾರೂ ಗೈಡ್ ಇಟ್ಕೊಳ್ಳಲ್ಲ.

ಎರಡನೇ ಸಲ ನಮ್ಮ ಆಫೀಸಿನ ಅಲ್ಲಿನ ಸಹೋದ್ಯೋಗಿ ಒಬ್ಬರು ಜೊತೆಗೆ ಬಂದ್ರು, ಅವರ ಊರು ಪೂರ್ವ ಸಿಚುವಾನ್ ಕಡೆ, ವಾಂಗ್ ಪಿಂಗ್ ಹುಟ್ಟಿದ ಡಾಂಗ್‌ಚು ಸೀಮೆ ಅದೇ, ಈಗ ಅದನ್ನ ಚು ಕೌಂಟಿ ಅಂತಾರೆ. ಅವ್ರು ಸೀದಾ ಆ ಮೂರ್ತಿ ಹತ್ರ ಕರ್ಕೊಂಡು ಹೋಗಿ ಇವ್ರು ನಮ್ಮೂರವ್ರು ಅಂದ್ರು, ಆಮೇಲೆ ಆ ಕಲ್ಲನ್ನ ಸಾಲು ಸಾಲಾಗಿ ಓದಿ ಹೇಳಿದ್ರು. ಫೋನ್ ಕ್ಯಾಮೆರಾದ ಟ್ರಾನ್ಸ್‌ಲೇಷನ್ ಆ ಹಳೇ ಕೆತ್ತನೆ ಅಕ್ಷರಕ್ಕೆ ಸೋತುಹೋಗಿತ್ತು, ಹಂಗಾಗಿ ಅವ್ರು ಓದೋದು ನಾನು ಕೇಳೋದು. ಕೇಳ್ತಾ ಕೇಳ್ತಾ ಒಂದು ಕಡೆ ಮೈ ಜುಂ ಅಂತು. ಯಾಕಂದ್ರೆ ಈ ವಾಂಗ್ ಪಿಂಗ್‌ಗೆ ಓದೋಕೆ ಬರ್ತಿರ್ಲಿಲ್ಲ. ಗೊತ್ತಿದ್ದಿದ್ದು ಹತ್ತು ಅಕ್ಷರ ದಾಟಲ್ಲ ಅಂತ ಆ ಕಾಲದ ಇತಿಹಾಸಕಾರ ಚೆನ್ ಶೋ ಬರೆದ ಇತಿಹಾಸದಲ್ಲೇ ಇದೆ. ಆತ ಬೇರೆಯವ್ರ ಕೈಲಿ ಹಳೇ ಹಾನ್ ಚರಿತ್ರೆಗಳನ್ನ ಓದಿಸಿ ಕೇಳ್ತಿದ್ನಂತೆ, ಕೇಳಿದ್ದರ ಸಾರ ಹಿಡಿದು ಅದರ ಮೇಲೆ ಚರ್ಚೆ ಮಾಡಿದ್ರೆ ಒಂದೂ ತಪ್ತಿರ್ಲಿಲ್ವಂತೆ. ಪತ್ರಗಳನ್ನ ಬಾಯಲ್ಲಿ ಹೇಳಿ ಬರೆಸ್ತಿದ್ದ, ಅವು ಕೂಡ ಅಚ್ಚುಕಟ್ಟಾಗಿ ಅರ್ಥ ಆಗೋ ಹಂಗೆ ಇರ್ತಿದ್ವಂತೆ. ನಮ್ಮ ಅಜ್ಜನೂ ಹೆಬ್ಬೆಟ್ಟೇ, ದಿನಾ ಬೆಳಿಗ್ಗೆ ನನ್ನ ಕೈಲಿ ಪೇಪರ್ ಓದಿಸಿ ಆಮೇಲೆ ನನ್ನನ್ನೇ ಪ್ರಶ್ನೆ ಕೇಳ್ತಿದ್ರು, ನನಗೆ ಉತ್ತರ ಗೊತ್ತಿರ್ತಿರ್ಲಿಲ್ಲ. ಹಂಗಾಗಿ ಆ ಸಾಲು ಕೇಳಿದ ಮೇಲೆ ನಾನು ಅಲ್ಲಿಂದ ಕದಲಲೇ ಇಲ್ಲ.

ಹುಟ್ಟಿದ್ದು ಬೆಟ್ಟಗಾಡಿನ ಬಾ ಸೀಮೆಯಲ್ಲಿ. ತಾಯಿ ಕಡೆ ಹ ಅನ್ನೋ ಮನೆತನದವ್ರು ಸಾಕಿದ್ರು, ಅದಕ್ಕೆ ಮೊದ್ಲು ಹ ಪಿಂಗ್ ಅಂತಾನೇ ಹೆಸರು, ಆಮೇಲೆ ತಂದೆ ಮನೆ ಹೆಸರು ವಾಂಗ್ ಮತ್ತೆ ಹಾಕ್ಕೊಂಡ. ಆ ಸೀಮೆಯ ಬುಡಕಟ್ಟು ನಾಯಕರ ಜೊತೆ ಉತ್ತರಕ್ಕೆ ಲುವೋಯಾಂಗ್‌ಗೆ ಹೋಗಿ ಲಿಯು ಬೇಯ ಶತ್ರು ತ್ಸಾವ್ ತ್ಸಾವ್ ಸೈನ್ಯದಲ್ಲಿ ಒಂದು ಸಣ್ಣ ಹುದ್ದೆಯಲ್ಲಿದ್ದ, ಶು ಉತ್ತರ ಗಡಿಯ ಹಾನ್‌ಝಾಂಗ್ ಸೀಮೆಗಾಗಿ ನಡೆದ ಯುದ್ಧಕ್ಕೆ ಆ ಕಡೆಯವ್ನಾಗೇ ಬಂದು ಅಲ್ಲಿ ಲಿಯು ಬೇ ಕಡೆ ಸೇರ್ಕೊಂಡ, ಅದು 219ರ ಸುಮಾರು. ಅಂದ್ರೆ ಶತ್ರು ಕಡೆಯಿಂದ ಬಂದವ್ನು, ಬೆಟ್ಟದವ್ನು, ಓದು ಬರಹ ಇಲ್ಲದವ್ನು, ಹಿಂದೆ ಮುಂದೆ ಯಾರೂ ಇಲ್ಲ. ಶು ರಾಜ್ಯದ ಆಸ್ಥಾನದಲ್ಲಿ ಇಂಥವ್ನು ಮೇಲೆ ಬರೋದು ಎಷ್ಟು ಕಷ್ಟ ಅಂತ ಯೋಚ್ನೆ ಮಾಡಿ.

228ರಲ್ಲಿ ಝೂಗೆ ಲಿಯಾಂಗ್ ಮೊದಲನೇ ಸಲ ಉತ್ತರದ ವೇ ರಾಜ್ಯದ ಮೇಲೆ ದಂಡೆತ್ತಿ ಹೋದ. ಮುಂದಿನ ಪಡೆ ಮಾ ಸು ಅನ್ನೋವ್ನ ಕೈಗೆ ಕೊಟ್ಟ. ಮಾ ಸು ಮಹಾ ಓದಿದವ್ನು, ರಾತ್ರಿ ಹಗಲು ಯುದ್ಧನೀತಿ ಬಗ್ಗೆ ಮಾತಾಡಿದ್ರೂ ಮುಗೀದಷ್ಟು ವಿದ್ಯೆ, ಝೂಗೆ ಲಿಯಾಂಗ್‌ಗೆ ಅಚ್ಚುಮೆಚ್ಚು. ಅವ್ನ ಕೈಕೆಳಗೆ ವಾಂಗ್ ಪಿಂಗ್. ಈಗಿನ ಗಾನ್ಸು ಪ್ರಾಂತ್ಯದ ಜಿಯೆಟಿಂಗ್ ಅನ್ನೋ ಕಡೆ ಮಾ ಸು ನೀರಿರೋ ಜಾಗ ಬಿಟ್ಟು ಸೈನ್ಯ ಎಲ್ಲಾ ಬೆಟ್ಟದ ಮೇಲೆ ಹತ್ತಿಸ್ದ, ಆರ್ಡರ್‌ಗಳೋ ಒಂದಕ್ಕೊಂದು ಹೊಂದಲ್ಲ, ದಂಡೆಲ್ಲಾ ಗೊಂದಲ. ವಾಂಗ್ ಪಿಂಗ್ ಒಂದ್ಸಲ ಅಲ್ಲ ಮತ್ತೆ ಮತ್ತೆ ಹೇಳ್ದ, ಇದು ಬೇಡ ಅಂತ. ಕೇಳ್ಲಿಲ್ಲ. ವೇ ಸೇನಾಪತಿ ಝಾಂಗ್ ಹ ಬಂದು ಮಾಡಿದ್ದು ಒಂದೇ ಕೆಲ್ಸ, ನೀರಿನ ದಾರಿ ಕಡಿದು ಹಾಕ್ದ. ಅಷ್ಟೇ, ಮುಗೀತು, ಪಡೆ ಚೆಲ್ಲಾಪಿಲ್ಲಿ.

ಇಷ್ಟು ಕಥೆ ಎಲ್ಲರಿಗೂ ಗೊತ್ತು, ಯಾಕಂದ್ರೆ ಮಾ ಸು ತಲೆ ತೆಗೆಸಿ ಝೂಗೆ ಲಿಯಾಂಗ್ ಅತ್ತ ಕಥೆ ಚೀನಾದಲ್ಲಿ ಮಕ್ಕಳಿಗೂ ಗೊತ್ತು. ಆದ್ರೆ ಅದೇ ದಿನ ಅದೇ ಮೈದಾನದಲ್ಲಿ ಎಲ್ರೂ ಓಡ್ತಿರೋವಾಗ ವಾಂಗ್ ಪಿಂಗ್ ತನ್ನ ಹತ್ರ ಇದ್ದ 1000 ಜನನ್ನ ಇಟ್ಕೊಂಡು ನಗಾರಿ ಬಾರಿಸ್ತಾ ಅಲ್ಲೇ ನಿಂತ. ಓಡ್ಲಿಲ್ಲ, ಮುನ್ನುಗ್ಗಲೂ ಇಲ್ಲ. ಝಾಂಗ್ ಹ ಏನು ಸಾಮಾನ್ಯದವ್ನಲ್ಲ, ಆ ಕಾಲದ ದೊಡ್ಡ ಅನುಭವಸ್ಥ, ಆದ್ರೆ ಸೋತ ಸೈನ್ಯದಲ್ಲಿ ಒಂದು ತುಕಡಿ ಮಾತ್ರ ಇಷ್ಟು ಶಾಂತವಾಗಿ ನಗಾರಿ ಬಾರಿಸ್ತಿದೆ ಅಂದ್ರೆ ಹಿಂದೆ ಯಾರೋ ಅಡಗಿದಾರೆ ಅಂತ ಅನುಮಾನ ಬಂದು ಹತ್ರ ಬರ್ಲೇ ಇಲ್ಲ. ವಾಂಗ್ ಪಿಂಗ್ ನಿಧಾನಕ್ಕೆ ಚದುರಿದ ಬೇರೆ ತುಕಡಿಗಳವ್ರನ್ನೆಲ್ಲಾ ಒಟ್ಟು ಹಾಕ್ಕೊಂಡು ವಾಪಸ್ ಬಂದ. ಬಂದ ಮೇಲೆ ಏನಾಯ್ತು ನೋಡಿ, ಮಾ ಸು ಜೊತೆ ಇನ್ನೂ ಇಬ್ಬರು ನಾಯಕರಿಗೆ ಮರಣದಂಡನೆ, ಮತ್ತೊಬ್ಬನ ಪಡೆ ಕಿತ್ಕೊಂಡ್ರು, ಝೂಗೆ ಲಿಯಾಂಗ್ ತಾನೇ ತನ್ನ ಪದವಿ ಮೂರು ಮೆಟ್ಟಿಲು ಇಳಿಸ್ಕೊಂಡ. ಅಷ್ಟು ಜನಕ್ಕೆ ಶಿಕ್ಷೆ ಆದ ಆ ಸೋಲಲ್ಲಿ ಬಡ್ತಿ ಸಿಕ್ಕಿದ್ದು ಒಬ್ಬನಿಗೆ. ಐದು ಪಡೆಗಳ ಉಸ್ತುವಾರಿ, ಶಿಬಿರದ ಹೊಣೆ, ಒಂದು ಜಹಗೀರಿನ ಬಿರುದು ಬೇರೆ.

ಸೋಲನ್ನ ಹಿಂಗೆ ನಿಭಾಯಿಸೋದು ಗೆಲುವಿಗಿಂತ ಕಷ್ಟ ಅಂತ ನನ್ನ ಭಾವನೆ. ಗೆಲ್ತಿರೋವಾಗ ಜನ ತಾವಾಗೇ ಜೊತೆ ಬರ್ತಾರೆ. ಪಕ್ಕದವ್ರೆಲ್ಲಾ ಓಡಿಹೋಗ್ತಿರೋವಾಗ 1000 ಜನ ನಿನ್ನ ಮಾತು ಕೇಳಿ ಕಾಲು ಕದಲ್ಸದೆ ನಿಂತಿದಾರೆ ಅಂದ್ರೆ, ಅವತ್ತಿಗಿಂತ ಮುಂಚೆ ಎಷ್ಟೋ ವರ್ಷ ನೀನು ಅವರ ಜೊತೆ ಹೆಂಗೆ ನಡ್ಕೊಂಡಿದ್ದೆ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಮೂರು ವರ್ಷ ಆದ್ಮೇಲೆ 231ರಲ್ಲಿ ಚೀಶಾನ್ ಹತ್ರ ಮತ್ತೆ ಅದೇ ಝಾಂಗ್ ಹ ಎದುರಾದ. ಝೂಗೆ ಲಿಯಾಂಗ್ ಮೇಲೆ ವೇ ಕಡೆಯ ಇನ್ನೊಬ್ಬ ಸೇನಾಪತಿ ಸಿಮಾ ಯಿ ಬಂದ, ದಕ್ಷಿಣದ ಶಿಬಿರ ಕಾಯ್ತಿದ್ದ ವಾಂಗ್ ಪಿಂಗ್ ಮೇಲೆ ಝಾಂಗ್ ಹ. ಈ ಸಲ ಮೋಸದ ನಗಾರಿ ಏನೂ ಇಲ್ಲ, ಸುಮ್ನೆ ಭದ್ರವಾಗಿ ಹಿಡ್ಕೊಂಡು ನಿಂತ, ಝಾಂಗ್ ಹ ಕೈಲಿ ಮುರಿಯೋಕಾಗ್ಲಿಲ್ಲ. ಇತಿಹಾಸದಲ್ಲಿ ಇದು ಒಂದೇ ಸಾಲು.

234ರಲ್ಲಿ ಝೂಗೆ ಲಿಯಾಂಗ್ ದಂಡಿನ ಮಧ್ಯದಲ್ಲೇ ತೀರ್ಕೊಂಡ. ಶು ಕಡೆಯದೇ ಹಿರಿಯ ಸೇನಾಪತಿ ವೇ ಯಾನ್‌ಗೂ ಹಣಕಾಸು ಆಡಳಿತ ನೋಡ್ತಿದ್ದ ಯಾಂಗ್ ಯಿಗೂ ಎಣ್ಣೆ ಸೀಗೆಕಾಯಿ, ವೇ ಯಾನ್ ವಾಪಸ್ ಹೋಗಲ್ಲ ಅಂತ ಹಠ ಹಿಡಿದು ಸೇತುವೆ ದಾರಿಗಳನ್ನ ಸುಟ್ಟು ಅಡ್ಡ ನಿಂತ. ಅವ್ನ ಎದುರಿಗೆ ಕಳಿಸಿದ್ದು ವಾಂಗ್ ಪಿಂಗ್‌ನ. ವಾಂಗ್ ಪಿಂಗ್ ಎದುರಿನ ಸೈನಿಕರನ್ನ ನೋಡಿ ಬೈದ, ಯಜಮಾನ್ರು ಹೋಗಿ ಇನ್ನೂ ಮೈ ತಣ್ಣಗಾಗಿಲ್ಲ, ನೀವು ಹೆಂಗ್ರೋ ಹಿಂಗೆ ಮಾಡ್ತೀರ ಅಂತ. ಸೈನಿಕರಿಗೆ ತಪ್ಪು ವೇ ಯಾನ್‌ದೇ ಅಂತ ಗೊತ್ತಿತ್ತು, ಎಲ್ಲಾ ಆಯುಧ ಕೆಳಗಿಟ್ಟು ಚದುರಿ ಹೋದ್ರು. ಒಂದು ರಾಜ್ಯ ಇಬ್ಭಾಗ ಆಗೋದು ಒಂದು ಬೈಗುಳದಲ್ಲಿ ನಿಂತುಹೋಯ್ತು. ಈ ಘಟನೆ ಮನಸ್ಸಲ್ಲಿಟ್ಕೊಳ್ಳಿ, ವೇ ಯಾನ್ ಮತ್ತೆ ಬರ್ತಾನೆ.

ಈಗ ನನಗೆ ಮುಖ್ಯ ಅನ್ಸಿದ ಜಾಗಕ್ಕೆ ಬರ್ತೀನಿ. 244. ವಾಂಗ್ ಪಿಂಗ್ ಈಗ ಇಡೀ ಹಾನ್‌ಝಾಂಗ್ ಸೀಮೆಯ ದಂಡನಾಯಕ. ವೇ ರಾಜ್ಯದ ಸರ್ವಾಧಿಕಾರಿ ಥರ ಇದ್ದ ತ್ಸಾವ್ ಶುವಾಂಗ್ ಯುದ್ಧದಲ್ಲಿ ಹೆಸರು ಮಾಡ್ಬೇಕು ಅಂತ 1 ಲಕ್ಷಕ್ಕೂ ಮೇಲೆ ಸೈನ್ಯ ತಗೊಂಡು ಲುವೋ ಕಣಿವೆ ದಾರಿಯಲ್ಲಿ ಬಂದ. ಹಾನ್‌ಝಾಂಗ್‌ನಲ್ಲಿ ಇದ್ದಿದ್ದು 30 ಸಾವಿರಕ್ಕೂ ಕಮ್ಮಿ. ಮುಖ್ಯ ಸೈನ್ಯ ಎಲ್ಲೋ ದೂರ ಫು ಅನ್ನೋ ಕಡೆ ಇತ್ತು, ಈಗಿನ ಮಿಯಾನ್‌ಯಾಂಗ್ ಊರು. ಹಾನ್‌ಝಾಂಗ್ ನಾಯಕರೆಲ್ಲಾ ಗಾಬರಿ ಬಿದ್ರು. ಅವರ ಸಲಹೆ ಏನು ಅಂದ್ರೆ, ಎದುರಿಸೋ ಶಕ್ತಿ ನಮ್ಗಿಲ್ಲ, ಹಾನ್ ಮತ್ತೆ ಲ ಅನ್ನೋ ಎರಡು ಕೋಟೆ ಒಳಗೆ ಕೂತು ಗಟ್ಟಿಯಾಗಿ ಕಾಯೋಣ, ಶತ್ರು ಒಳಗೆ ಬಂದ್ರೆ ಬರ್ಲಿ, ಅಷ್ಟೊತ್ತಿಗೆ ಫುನಿಂದ ಸೈನ್ಯ ಬಂದು ಕಣಿವೆ ಬಾಗಿಲು ಉಳಿಸುತ್ತೆ. ಕೇಳೋಕೆ ತುಂಬಾ ಬುದ್ಧಿವಂತರ ಮಾತಿನ ಥರಾನೇ ಇದೆ.

ವಾಂಗ್ ಪಿಂಗ್ ಬೇಡ ಅಂದ. ಇಲ್ಲಿಂದ ಫುಗೆ ಹತ್ತಿರ ಹತ್ತಿರ 1000 ಲಿ ದೂರ, ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 400 ಕಿಲೋಮೀಟರ್, ಅಷ್ಟರೊಳಗೆ ಶತ್ರು ಕಣಿವೆ ಬಾಗಿಲು ಹಿಡಿದ್ರೆ ಅಲ್ಲಿಗೆ ಅನಾಹುತ ಆಯ್ತು. ಹಂಗಾಗಿ ನಮ್ಮ ನಾಯಕರಲ್ಲೊಬ್ಬನಾದ ಲಿಯು ಮಿನ್ ಮುಂದೆ ಹೋಗಿ ಶಿಂಗ್‌ಶಿ ಬೆಟ್ಟ ಹಿಡೀಲಿ, ನಾನು ಹಿಂದೆ ಬೆನ್ನಿಗಿರ್ತೀನಿ, ಶತ್ರು ಪಕ್ಕದ ಹುವಾಂಗ್‌ಜಿನ್ ದಾರಿಗೆ ಪಡೆ ಒಡೆದು ಕಳಿಸಿದ್ರೆ ನಾನೇ 1000 ಜನ ಕರ್ಕೊಂಡು ಹೋಗಿ ಅಡ್ಡ ನಿಲ್ತೀನಿ, ಇಷ್ಟರಲ್ಲಿ ಫು ಸೈನ್ಯ ಬಂದು ಸೇರುತ್ತೆ ಅಂದ. ಒಪ್ಪಿದ್ದು ಒಬ್ನೇ, ಲಿಯು ಮಿನ್. ಯಾಕಂದ್ರೆ ಲಿಯು ಮಿನ್‌ಗೆ ಇನ್ನೊಂದು ಕಾಣಿಸ್ತು, ಊರ ತುಂಬಾ ಜನ ಹರಡ್ಕೊಂಡಿದಾರೆ, ಬೆಳೆ ಇನ್ನೂ ಹೊಲದಲ್ಲೇ ಇದೆ, ಶತ್ರುನ ಒಳಗೆ ಬಿಟ್ರೆ ಎಲ್ಲಾ ಹೋಯ್ತು. ಅವ್ನು ಶಿಂಗ್‌ಶಿಗೆ ಹೋಗಿ 100 ಲಿಗೂ ಜಾಸ್ತಿ ಉದ್ದಕ್ಕೆ ಬಾವುಟ ನೆಡಿಸ್ದ, ಸೈನ್ಯ ಎಷ್ಟಿದೆ ಅಂತ ಶತ್ರುಗೆ ಲೆಕ್ಕ ಸಿಗಬಾರ್ದು ಅಂತ.

ಆಮೇಲೆ ನಡೆದಿದ್ದು ವಾಂಗ್ ಪಿಂಗ್ ಹೇಳಿದ ಹಂಗೇ. ಕಡಿದಾದ ಕಣಿವೆಯಲ್ಲಿ ಲಕ್ಷ ಜನರ ಸೈನ್ಯ ಸಿಕ್ಕಿಹಾಕ್ಕೊಂಡ್ತು, ಮುಂದೆ ಹೋಗೋಕಾಗಲ್ಲ. ವೇ ಕಡೆ ದವಸ ಸಾಗಿಸೋಕೆ ದಿ ಮತ್ತೆ ಚಿಯಾಂಗ್ ಅನ್ನೋ ಬುಡಕಟ್ಟು ಜನರನ್ನ ಬಲವಂತಕ್ಕೆ ಹಿಡಿದು ತಂದಿದ್ರು, ದನ ಕುದುರೆ ಕತ್ತೆ ಹೇಸರಗತ್ತೆ ದಾರಿ ತುಂಬಾ ಸತ್ತು ಬಿದ್ವು, ಆ ಜನ ದಾರಿಯುದ್ದಕ್ಕೂ ಗೋಳಾಡ್ತಿದ್ರು ಅಂತ ವೇ ಕಡೆಯ ದಾಖಲೆಯಲ್ಲೇ ಇದೆ. ಅಷ್ಟರಲ್ಲಿ ಫು ಸೈನ್ಯ ಬಂತು, ಚೆಂಗ್ಡುವಿನಿಂದ ಆಗ ಶು ಆಡಳಿತ ನಡೆಸ್ತಿದ್ದ ಫೇ ಯಿ ಕೂಡ ಬಂದ. ಈ ಫೇ ಯಿ ಮೂರ್ತಿ ಎದುರಿನ ಪೂರ್ವದ ಪಡಸಾಲೆಯಲ್ಲೇ ಇದೆ, ಹೊರಡೋ ಹೊತ್ತಲ್ಲಿ ದೂತರು ಓಡಾಡ್ತಿದ್ರೂ ಕುದುರೆಗೆ ಜೀನು ಹಾಕಿ ನಿಂತಿದ್ರೂ ಹಿರಿಯರೊಬ್ಬರ ಜೊತೆ ವೇಚಿ ಅನ್ನೋ ಕಾಯಿ ಇಡೋ ಮಣೆ ಆಟ ಆಡ್ತಾ ಕೂತಿದ್ದ ಮನುಷ್ಯ. ವೇ ಸೈನ್ಯ ಹಿಂದಕ್ಕೆ ಹೊರಟಾಗ ಫೇ ಯಿ ಬೆಟ್ಟದ ಏಣುಗಳನ್ನ ಹಿಡಿದು ದಾರಿ ಕಟ್ಟಿದ, ತ್ಸಾವ್ ಶುವಾಂಗ್ ಹೆಂಗೋ ಕಾದಾಡಿ ತಪ್ಪಿಸ್ಕೊಂಡ, ನಷ್ಟ ಮಾತ್ರ ಭಾರಿ.

ಸರಿ, ಇಲ್ಲಿಗೆ ಒಳ್ಳೇ ಕಥೆ ಅಂತ ಬಿಟ್ಬಿಡ್ಬಹುದಿತ್ತು. ಆದ್ರೆ ಅದೇ ಸಾಲಲ್ಲಿ ವಾಂಗ್ ಪಿಂಗ್ ಪಕ್ಕದಲ್ಲೇ ಜಿಯಾಂಗ್ ವೇ ಮೂರ್ತಿ ಇದೆ, ಇನ್ನೂ ಸ್ವಲ್ಪ ಮುಂದೆ ಫು ಚಿಯೆನ್ ಮೂರ್ತಿ ಇದೆ. ಈ ಮೂರೂ ಕಲ್ಲನ್ನ ಒಟ್ಟಿಗೆ ಓದ್ಸಿ ಕೇಳಿದ ಮೇಲೆ ನನ್ನ ಅಭಿಪ್ರಾಯ ಪೂರ್ತಿ ಬದಲಾಯ್ತು. ವಾಂಗ್ ಪಿಂಗ್ 248ರಲ್ಲಿ ಸತ್ತ. ಹತ್ತು ವರ್ಷ ಆದ್ಮೇಲೆ ಶು ಸೇನಾಪತಿ ಆಗಿದ್ದ ಜಿಯಾಂಗ್ ವೇ ಹಾನ್‌ಝಾಂಗ್ ಕಾವಲಿನ ಪದ್ಧತಿನೇ ಬದಲಾಯಿಸ್ದ. ಹಳೇದು ಅಂದ್ರೆ ಹೊರಗಿನ ಬೆಟ್ಟದ ಠಾಣೆಗಳಲ್ಲೇ ಸೈನ್ಯ ತುಂಬಿ ಶತ್ರುನ ಒಳಗೆ ಕಾಲಿಡೋಕೆ ಬಿಡ್ದೇ ಇರೋದು. ಅದರಿಂದ ಶತ್ರುನ ತಡೀಬಹುದು, ದೊಡ್ಡ ಗೆಲುವು ಸಿಗಲ್ಲ, ಅದಕ್ಕೆ ಠಾಣೆ ಖಾಲಿ ಮಾಡಿ ಹಾನ್ ಮತ್ತೆ ಲ ಕೋಟೆಗಳಿಗೆ ಹಿಂದೆ ಸರಿಯೋಣ, ಶತ್ರು ಒಳಗೆ ಬರ್ಲಿ, ದವಸ ಇಲ್ದೆ ದಣಿದು ವಾಪಸ್ ಹೋಗೋವಾಗ ಮೇಲೆ ಬೀಳೋಣ ಅಂತ ಜಿಯಾಂಗ್ ವೇ ಲೆಕ್ಕ. ಗಮನಿಸಿದ್ರಾ, 244ರಲ್ಲಿ ಗಾಬರಿ ಬಿದ್ದ ನಾಯಕರು ಹೇಳಿದ್ದೂ ಅದೇ ಎರಡು ಕೋಟೆ, ಅದೇ ಒಳಗೆ ಬಿಡೋ ಮಾತು. 263ರಲ್ಲಿ ವೇ ಸೇನಾಪತಿ ಝಾಂಗ್ ಹುಯಿ 1 ಲಕ್ಷಕ್ಕೂ ಮೇಲೆ ಸೈನ್ಯ ತಗೊಂಡು ಬಂದ, ಹೊರಗಿನ ಬೆಟ್ಟದಲ್ಲಿ ತಡೆಯೋವ್ರು ಯಾರೂ ಇಲ್ಲ, ಎರಡು ಕೋಟೆಗೂ ಒಂದೊಂದು ಪಡೆ ಸುತ್ತು ಹಾಕಿಸಿ ಸೀದಾ ಕಣಿವೆ ಬಾಗಿಲಿಗೆ ಬಂದ. ಅಲ್ಲಿ ಒಬ್ಬ ನಾಯಕ ಶರಣಾದ, ಇನ್ನೊಬ್ಬ ಹೋರಾಡ್ತಾ ಸತ್ತ. ಆ ಸತ್ತವ್ನೇ ಫು ಚಿಯೆನ್. ಅದೇ ವರ್ಷ ಶು ರಾಜ್ಯ ಮುಳುಗಿತು.

ಬಾಗಿಲು ಹೋದ್ರೆ ಅನಾಹುತ ಅಂತ ವಾಂಗ್ ಪಿಂಗ್ 19 ವರ್ಷ ಮುಂಚೆನೇ ಹೇಳಿದ್ದ. ಹೇಳಿದವ್ನು, ಆ ಮಾತು ಬಿಟ್ಟವ್ನು, ಬಿಟ್ಟಿದ್ದಕ್ಕೆ ಬಾಗಿಲಲ್ಲಿ ಪ್ರಾಣ ಕೊಟ್ಟವ್ನು, ಮೂವರೂ ಒಂದೇ ಪಡಸಾಲೆಯಲ್ಲಿ ಕೂತಿದಾರೆ.

ನ್ಯಾಯವಾಗಿ ಎರಡು ಮಾತು ಹೇಳ್ಬೇಕು. ಒಂದು, 263ರ ಸೋಲು ಪೂರ್ತಿ ಜಿಯಾಂಗ್ ವೇ ತಲೆಗೆ ಕಟ್ಟೋಕಾಗಲ್ಲ. ಬಾಗಿಲು ಕಾಯೋಕೆ ಸೈನ್ಯ ಕಳಿಸಿ ಅಂತ ಅವ್ನು ಮುಂಚೆನೇ ರಾಜನಿಗೆ ಬರೆದಿದ್ದ, ಆಸ್ಥಾನದ ಹುವಾಂಗ್ ಹಾವ್ ಅನ್ನೋ ನಪುಂಸಕ ಅಧಿಕಾರಿ ದೇವರು ಮೈಮೇಲೆ ಬರೋವ್ರ ಮಾತು ನಂಬಿ ಶತ್ರು ಬರಲ್ಲ ಅಂತ ಆ ಪತ್ರ ಮುಚ್ಚಿಹಾಕ್ಸಿದ. ಎರಡು, ಹೊರಗೇ ತಡೆಯೋ ಆ ಪದ್ಧತಿ ವಾಂಗ್ ಪಿಂಗ್ ಕಂಡುಹಿಡಿದಿದ್ದಲ್ಲ. ಹಾಕ್ಕೊಟ್ಟವ್ನು ವೇ ಯಾನ್, ಲಿಯು ಬೇ ಕಾಲದಲ್ಲಿ ಹಾನ್‌ಝಾಂಗ್ ಕಾಯ್ತಿದ್ದವ್ನು. ಹೌದು, 234ರಲ್ಲಿ ಯಾರ ಸೈನ್ಯ ವಾಂಗ್ ಪಿಂಗ್ ಬೈಗುಳಕ್ಕೆ ಚದುರಿಹೋಯ್ತೋ ಅದೇ ವೇ ಯಾನ್. ಯಾರನ್ನ ತಾನೇ ಎದುರು ನಿಂತು ಸೋಲಿಸಿದ್ನೋ ಅವ್ನ ವಿದ್ಯೆ ಒಳ್ಳೇದು ಅಂತ ಗೊತ್ತಿದ್ದು ಅದನ್ನ ಹತ್ತು ವರ್ಷ ಜೋಪಾನ ಮಾಡಿ, ಸರಿಯಾದ ದಿನ ಬಳಸಿದ್ದು ನನಗೆ ವಾಂಗ್ ಪಿಂಗ್‌ನ ದೊಡ್ಡತನ ಅನ್ಸುತ್ತೆ. ಅಧಿಕಾರ ಸಿಕ್ಕ ತಕ್ಷಣ ಹಿಂದಿನವ್ನು ಮಾಡಿದ್ದೆಲ್ಲಾ ಕಿತ್ತುಹಾಕೋ ಜನನೇ ಜಾಸ್ತಿ ಅಲ್ವಾ. ವೇ ಯಾನ್ ಮೂರ್ತಿ ಮಾತ್ರ ಈ 28ರಲ್ಲಿ ಇಲ್ಲ. ಹಾನ್‌ಝಾಂಗ್ ಗೆಲ್ಲೋಕೆ ಲಿಯು ಬೇಗೆ ತಂತ್ರ ಹೇಳ್ಕೊಟ್ಟ ಫಾ ಝೆಂಗ್ ಮೂರ್ತಿನೂ ಇಲ್ಲ. ಮೂರ್ತಿ ಆರಿಸಿದವ್ರು ನಿಷ್ಠೆ ಗುಣ ನೋಡಿ ಆರಿಸಿದಾರೆ, ಕೆಲ್ಸ ನೋಡಿ ಅಲ್ಲ ಅಂತ ಅಲ್ಲಿ ನಿಂತಾಗ ಅನ್ಸುತ್ತೆ.

ಇನ್ನೊಂದು ವಿಚಿತ್ರ, ಸೇನಾಪತಿಗಳ ಸಾಲಲ್ಲಿ ಎರಡನೆಯವ್ನು ಸುನ್ ಚಿಯೆನ್, ಅವ್ನು ರಾಯಭಾರ ಮಾಡ್ತಿದ್ದ ಮನುಷ್ಯ, ಸೇನಾಪತಿ ಅಲ್ಲ. ಎದುರಿಗೆ ಮಂತ್ರಿಗಳ ಸಾಲಲ್ಲಿ ಫು ರಾಂಗ್ ಇದಾನೆ, ಅವ್ನು ರಣರಂಗದಲ್ಲಿ ಸತ್ತ ಸೇನಾನಾಯಕ, ಮೇಲೆ ಹೇಳಿದ ಫು ಚಿಯೆನ್‌ನ ತಂದೆ. ಅಪ್ಪ ಒಂದು ಪಡಸಾಲೆಯಲ್ಲಿ ಮಗ ಇನ್ನೊಂದರಲ್ಲಿ. ಝಾವ್ ಯುನ್‌ನ ಹೀರೋ ಥರ ನೋಡೋಕೆ ಬಂದವ್ರಿಗೆ ಅಲ್ಲಿ ಕೂತಿರೋದು ಬಿಳಿ ಗಡ್ಡದ ಮುದುಕಪ್ಪ, ಅದು ನೋಡಿ ನಮ್ಮ ಪಕ್ಕ ಒಂದು ಪುಟ್ಟ ಹುಡುಗ ಅಮ್ಮನ ಮುಖ ನೋಡಿದ್ದು ಇನ್ನೂ ಕಣ್ಣಲ್ಲಿದೆ.

ವಾಂಗ್ ಪಿಂಗ್ ಯಾಕೆ ಹಿಂಗೆ ಮರೆಯಾದ ಅಂತ ಅವತ್ತು ರಾತ್ರಿ ಊಟಕ್ಕೆ ಕೂತಾಗ ನಾವಿಬ್ರೂ ಮಾತಾಡಿದ್ವಿ. ಜನ ಈ ಕಾಲನ ತಿಳ್ಕೊಂಡಿದ್ದು ಸಾವಿರ ವರ್ಷಕ್ಕೂ ಮೇಲೆ ಆದ್ಮೇಲೆ ಬಂದ ಕಾದಂಬರಿಯಿಂದ, ಅದರಲ್ಲಿ ಝೂಗೆ ಲಿಯಾಂಗ್ ಸತ್ತ ಮೇಲೆ ಕಥೆ ಓಡೋಕೆ ಶುರು ಮಾಡುತ್ತೆ, ಶಿಂಗ್‌ಶಿ ಯುದ್ಧ ಅಲ್ಲಿ ಇಲ್ಲವೇ ಇಲ್ಲ. ಅದರಿಂದ ಬಂದ ಗೇಮು ಸೀರಿಯಲ್ಲುಗಳಲ್ಲೂ ವಾಂಗ್ ಪಿಂಗ್ ಅಂದ್ರೆ ಮಾ ಸುಗೆ ಬೇಡ ಅಂದ ಪಕ್ಕದ ಪಾತ್ರ ಅಷ್ಟೇ. ಅದೂ ಅಲ್ದೆ ತಡೆದು ನಿಲ್ಲಿಸೋವ್ರ ಕಥೆ ಯಾರಿಗೂ ರುಚಿಸಲ್ಲ, ಅವ್ನ ಮೂರೂ ದೊಡ್ಡ ಕೆಲ್ಸದಲ್ಲಿ ಶತ್ರು ಸೇನಾಪತಿ ತಲೆ ಬೀಳಲ್ಲ, ಊರು ಗೆಲ್ಲಲ್ಲ, ಏನೋ ಕೆಟ್ಟದ್ದು ಆಗ್ಬೇಕಾಗಿದ್ದು ಆಗ್ಲಿಲ್ಲ ಅಷ್ಟೇ. ಸ್ವಭಾವನೂ ಹಂಗೇ ಇತ್ತಂತೆ, ತಮಾಷೆ ಮಾತಾಡ್ತಿರ್ಲಿಲ್ಲ, ಬೆಳಗಿಂದ ಸಂಜೆವರ್ಗೂ ನೆಟ್ಟಗೆ ಕೂತಿರ್ತಿದ್ದ, ನೋಡಿದ್ರೆ ಸೈನ್ಯದವ್ನು ಅನ್ನಿಸ್ತಾನೇ ಇರ್ಲಿಲ್ಲ. ಚೆನ್ ಶೋ ದೋಷನೂ ಮುಚ್ಚಿಟ್ಟಿಲ್ಲ, ಮನಸ್ಸು ಇಕ್ಕಟ್ಟು, ಅನುಮಾನ ಜಾಸ್ತಿ, ತನ್ನನ್ನ ತಾನೇ ಕಮ್ಮಿ ಅಂದ್ಕೊಳ್ತಿದ್ದ, ಇದೇ ಅವ್ನ ಕೊರತೆ ಅಂತ ಬರೆದಿದಾನೆ. ಓದಿದವ್ರ ಆಸ್ಥಾನದಲ್ಲಿ ಹತ್ತು ಅಕ್ಷರ ಇಟ್ಕೊಂಡು ಮೂವತ್ತು ವರ್ಷ ಕಳೆದವ್ನಿಗೆ ಆ ಅನುಮಾನ ಎಲ್ಲಿಂದ ಬಂದಿರ್ಬಹುದು ಅಂತ ಊಹಿಸೋದು ಕಷ್ಟ ಅಲ್ಲ. ನನಗಂತೂ ಆ ಸಾಲು ಕೇಳಿದ ಮೇಲೆ ಅವ್ನ ಮೇಲಿನ ಗೌರವ ಜಾಸ್ತಿನೇ ಆಯ್ತು.

ಆ ಕಾಲದಲ್ಲೇ ಪೂರ್ವಕ್ಕೆ ಡೆಂಗ್ ಝಿ, ದಕ್ಷಿಣಕ್ಕೆ ಮಾ ಝಾಂಗ್, ಉತ್ತರಕ್ಕೆ ವಾಂಗ್ ಪಿಂಗ್ ಅಂತ ಮೂವರ ಹೆಸರು ಒಟ್ಟಿಗೆ ಹೇಳ್ತಿದ್ರು. ಡೆಂಗ್ ಝಿ ಪೂರ್ವದ ಪಡಸಾಲೆಯಲ್ಲಿದಾನೆ, ಮಾ ಝಾಂಗ್ ಇದೇ ಸಾಲಲ್ಲಿ. ಹೋದ್ರೆ ಈ ಮೂವರನ್ನೂ ಹುಡುಕಿ ನೋಡಿ, ರಾಜ್ಯದ ಮೂರು ಗಡಿ ಮೂರು ಜನರ ಹೆಗಲ ಮೇಲೆ ಹೆಂಗಿತ್ತು ಅಂತ ಗೊತ್ತಾಗುತ್ತೆ.

ಹೋಗೋವ್ರಿಗೆ ಕೆಲವು ಮಾತು. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಹೋಗಿ, ಮೊದ್ಲು ಸೀದಾ ಪಶ್ಚಿಮದ ಪಡಸಾಲೆಗೆ, ಟೂರ್ ಗ್ರೂಪ್‌ಗಳು ಬಂದ್ಮೇಲೆ ಅಲ್ಲಿ ಕಲ್ಲು ಓದೋಕೆ ನಿಲ್ಲೋಕೂ ಜಾಗ ಇರಲ್ಲ. ಚೀನೀ ಓದೋಕೆ ಬರೋವ್ರು ಯಾರಾದ್ರೂ ಸಿಕ್ಕಿದ್ರೆ ಕರ್ಕೊಂಡು ಹೋಗಿ, ಇಲ್ಲಾಂದ್ರೆ ವಾಂಗ್ ಪಿಂಗ್, ಜಿಯಾಂಗ್ ವೇ, ಫು ಚಿಯೆನ್ ಮೂವರ ಬಗ್ಗೆ ಹಿಂದಿನ ದಿನಾನೇ ಓದ್ಕೊಂಡು ಹೋಗಿ. ಝೂಗೆ ಲಿಯಾಂಗ್ ಸಭಾಂಗಣದಲ್ಲಿರೋ ಕಂಚಿನ ನಗಾರಿ ನೋಡೋದು ಮರೀಬೇಡಿ. ಸಮಾಧಿ ಸುತ್ತ ನಡೆಯೋಕೆ ಹದಿನೈದು ನಿಮಿಷ ಸಾಕು. ಜಿನ್‌ಲಿ ಬೀದಿ ಸಂಜೆ ದೀಪ ಹತ್ತಿದ ಮೇಲೆ ಚೆಂದ, ತಿಂಡಿ ರೇಟ್ ಜಾಸ್ತಿ, ಸಸ್ಯಾಹಾರಿಗಳು ಕೇಳ್ಕೊಂಡು ತಿನ್ನಿ, ನೋಡೋಕೆ ತರಕಾರಿ ಇದ್ರೂ ಎಣ್ಣೆ ದನದ ಕೊಬ್ಬಿಂದು ಇರ್ಬಹುದು. ಜಾಗಕ್ಕೆ 5ಕ್ಕೆ 4.5, ಪಶ್ಚಿಮದ ಪಡಸಾಲೆಗೆ ಮಾತ್ರ 5ಕ್ಕೆ 5.

ಹೊರಡೋವಾಗ ನನ್ನ ಸಹೋದ್ಯೋಗಿ ವಾಂಗ್ ಪಿಂಗ್ ಮುಂದೆ ಒಂದ್ಸಲ ತಲೆ ಬಾಗಿಸಿದ್ರು, ನಾನೂ ಕೈ ಮುಗಿದೆ. ಪಕ್ಕದಲ್ಲಿ ಫೋಟೋ ತೆಗೀತಿದ್ದ ಇಬ್ರು ಕಾಲೇಜ್ ಹುಡುಗೀರು ಇವ್ರು ಯಾರು ಅಂತ ಕೇಳಿದ್ರು. ನನ್ನ ಸಹೋದ್ಯೋಗಿ ಮತ್ತೆ ಕಲ್ಲಿನ ಮೊದಲನೇ ಸಾಲಿಂದ ಓದೋಕೆ ಶುರು ಮಾಡಿದ್ರು.